ಹದಿನೇಳನೆಯ ಪ್ರಶ್ನೆ

ಚಾಮರಾಜಪೇಟೆಯ ಕಾಲೇಜು, ಎರಡನೇ ಮಹಡಿ,
ಕಿಟಕಿ ಪಕ್ಕದ ಬೆಂಚು ಹನ್ನೊಂದು ವರ್ಷದಿಂದ ನನ್ನದು.
ಏಪ್ರಿಲ್ ಬಿಸಿಲು, ಕೆಂಪು ಪೆನ್ನು, ದಾರ ಬಿಗಿದ ಕಟ್ಟು,
ಹೆಸರಿಲ್ಲದ ಊರಿಲ್ಲದ ಇಪ್ಪತ್ತನಾಲ್ಕು ಕೈಬರಹ.

ಪ್ರಶ್ನೆ ಹದಿನೇಳು: ರಷ್ಯಾದ ನಿರಂಕುಶ ಅರಸೊತ್ತಿಗೆ
ಕುಸಿಯಲು ಕಾರಣಗಳೇನು? ಅಂಕ ಐದು.
ಕೀ ಉತ್ತರದಲ್ಲೂ ಐದೇ ಕಾರಣ,
ಕಾರಣಕ್ಕೊಂದು ಅಂಕ, ತಕ್ಕಡಿಯಲ್ಲಿಟ್ಟ ಹಾಗೆ:
ದೊರೆಯ ಹಟ, ಯುದ್ಧದ ಸೋಲು, ರೊಟ್ಟಿಯ ಅಭಾವ,
ಕೂಲಿಯವರ ಸಿಟ್ಟು, ರಾಣಿಯ ಕಿವಿಯಲ್ಲಿ ಕೂತ ಒಬ್ಬ ಸಾಧು.

ಮಕ್ಕಳು ಬರೆಯುತ್ತವೆ. ಗೈಡಿನ ಒಂದೇ ವಾಕ್ಯ
ಇಪ್ಪತ್ತು ಕೈಗಳಲ್ಲಿ ಇಪ್ಪತ್ತು ಬಗೆಯಲ್ಲಿ ಕುಂಟುತ್ತದೆ.
'ಜಾರ್ ಜಾರಿದನು' ಎಂದೊಬ್ಬ.
ನಕ್ಕೆ. ಪಕ್ಕದ ಲೋಕಮಾತೆ ಮೇಡಂಗೆ ತೋರಿಸಿದೆ.
ಪ್ರಾಸಕ್ಕೆ ಅರ್ಧ ಅಂಕ ಕೊಡಿ ಸಾರ್, ಎಂದರು.

ಹತ್ತೊಂಬತ್ತನೆಯದರಲ್ಲಿ ಕಾರಣಗಳಿರಲಿಲ್ಲ.
ಎಡಕ್ಕೆ ವಾಲಿದ ಅಕ್ಷರ, ಐದೇ ಸಾಲು:
'ರೊಟ್ಟಿಗೆ ನಿಂತವರು ಹೆಂಗಸರು. ಚಳಿ ಇತ್ತು.
ಸಿಪಾಯಿಗಳಿಗೆ ಗುಂಡು ಹೊಡೀರಿ ಅಂದರು.
ಸಿಪಾಯಿ ಸಾಲಿನ ಕಡೆ ನೋಡಿದ.
ಅವನ ಅಮ್ಮ ಊರಲ್ಲಿ ಇಂಥದೇ ಸಾಲಲ್ಲಿ ಇದ್ದಳು.
ಆಮೇಲೆ ದೊರೆ ಇರಲಿಲ್ಲ.'

ಪೆನ್ನು ಕೆಳಗಿಟ್ಟೆ.

ನನ್ನಜ್ಜಿ ಮುನಿತಾಯಮ್ಮ, ಬಿನ್ನಿಪೇಟೆಯ ಮಿಲ್ಲಿನಲ್ಲಿ
ನೂಲು ಸುತ್ತುತ್ತಿದ್ದವಳು. ಅದು ಇನ್ನೊಂದು ಯುದ್ಧ.
ಅಜ್ಜ ಪಟಾಲಮ್ಮಿನ ಜೊತೆ ಬರ್ಮಾಕ್ಕೆ ಹೋಗಿ
ಎರಡು ಕಾಗದ ಬರೆದ, ಮೂರನೆಯದು ಬರಲೇ ಇಲ್ಲ.
ಮಿಲ್ಲಿನಲ್ಲಿ ಹಗಲೂ ರಾತ್ರಿ ಖಾಕಿ ಬಟ್ಟೆ.
ಡಿಪೋದ ಮುಂದೆ ನಸುಕಿಗೇ ಸಾಲು, ಕಲ್ಲು ಬೆರೆತ ರಾಗಿ.
ಪಾಳಿಗೆ ಹೊತ್ತಾದ ದಿನ ತನ್ನ ಜಾಗದಲ್ಲೊಂದು ಚೀಲ,
ಅದರ ಮೇಲೊಂದು ಕಲ್ಲಿಟ್ಟು ಓಡುತ್ತಿದ್ದಳಂತೆ.
ಸಂಜೆಗೆ ಬಂದರೆ ಕಲ್ಲು ಬಾಗಿಲ ಹತ್ತಿರ ತಲುಪಿರುತ್ತಿತ್ತಂತೆ,
ಯಾರು ಯಾರೋ ಕಾಲಲ್ಲಿ ತಳ್ಳಿ ತಳ್ಳಿ.

ಮುಂದೆ ಮಿಲ್ಲಿನ ಗೇಟಿಗೆ ಬೀಗ ಬಿತ್ತು.
ಮೆರವಣಿಗೆ ಮೈಸೂರು ಬ್ಯಾಂಕಿನ ಚೌಕಕ್ಕೆ ಹೊರಟಾಗ
ಅವಳೂ ಹೋದಳು, ಚಪ್ಪಲಿ ಕಳೆದುಕೊಂಡು ಬಂದಳು.
ಏನು ಕೂಗಿದೆ ಅಜ್ಜಿ?
ಮುಂದಿನವಳು ಕೂಗಿದ್ದನ್ನೇ, ಇನ್ನೇನು.

ಗೋಡೆಯ ಮೇಲೆ ಮಾತ್ರ ಮಹಾರಾಜರ ಪಟ, ದಿನಾ ಹೂವು.
ಕೋಪವೇನೂ ಇರಲಿಲ್ಲ ಅವರ ಮೇಲೆ.
'ಒಳ್ಳೇ ದೊರೆ ಪಾಪ, ಅವರಿಗೇನು ಗೊತ್ತು'
ಸಾಯುವವರೆಗೂ ಇದೇ ಮಾತು.
ಆದರೂ ಒಂದು ಸಂಜೆ ಪಟ ಇಳಿಸಿದಳು.
ಯಾಕೆಂದು ಕೇಳಿದ್ದಕ್ಕೆ:
ಮನೇಲಿದ್ದದ್ದು ಒಂದೇ ಮೊಳೆ ಕಣಪ್ಪ,
ರೇಷನ್ ಕಾರ್ಡಿನ ಚೀಲ ಇಲಿಗೆ ಸಿಗದ ಹಾಗೆ ತೂಗುಹಾಕಬೇಕಿತ್ತು.

ಇದು ಯಾವ ಗೈಡಿನಲ್ಲೂ ಇಲ್ಲ.
ಬರೆದರೆ ಎಷ್ಟು ಅಂಕ?

ಹತ್ತೊಂಬತ್ತಕ್ಕೆ ನಾಲ್ಕು ಕೊಟ್ಟೆ.
ಊಟ ಮುಗಿಸಿ ಚೀಫ್ ಉಗ್ರಪ್ಪನವರು ಬಂದರು,
ಹಸಿರು ಪೆನ್ನು, ಬೆರಳಲ್ಲಿನ್ನೂ ಸಾರಿನ ವಾಸನೆ.
'ಎಲ್ಲಿವೆ ರೀ ಕಾರಣ? ಕೀ ನೋಡಿ.
ನಾಳೆ ಮರುಮೌಲ್ಯಮಾಪನಕ್ಕೆ ಹೋದರೆ ನೋಟಿಸು ನಿಮಗೇ.
ಒಂದು ಮಾಡಿ.'

ಹೇಳಬಹುದಿತ್ತು.
ಟಿ.ಎ. ಬಿಲ್ಲಿಗೆ ಅವರದೇ ಸಹಿ,
ಮಗಳ ಫೀಸಿಗೆ ಇದೇ ತಿಂಗಳು ಕಡೆ.
ನಾಲ್ಕರ ಮೇಲೆ ಗೆರೆ ಎಳೆದು, ಒಂದು ಬರೆದು, ರುಜು ಹಾಕಿದೆ.
ಎಡಕ್ಕೆ ವಾಲಿದ ಆ ಸಾಲಿನ ಕಡೆ
ನೋಡಲಿಲ್ಲ.

ಇಪ್ಪತ್ತನೆಯದು ತೆರೆದೆ.
ಒಂದನೇ ಕಾರಣ: ದೊರೆಯ ಹಟ.